ಚೀನಾ ಕೊಡದಿದ್ದರೆ ನಮ್ಮ ತೊಗರಿಗೆ ಏನು ಗತಿ?

ಪ್ರಶ್ನೆ: ಚಿತ್ತಾಪುರ ತಾಲ್ಲೂಕಿನಲ್ಲಿ ನನ್ನದು ಒಂಬತ್ತು ಎಕರೆ ಎರೆ ಭೂಮಿ, ಪೂರ್ತಿ ಮಳೆಯಾಶ್ರಿತ. ಆರು ಎಕರೆ ತೊಗರಿ, ಮೂರು ಎಕರೆ ಹೆಸರು. ಇಪ್ಪತ್ತು ವರ್ಷಗಳಿಂದ ತೊಗರಿಗೆ ಎಕರೆಗೆ ಒಂದೂವರೆ ಚೀಲ ಡಿಎಪಿ ಗೊಬ್ಬರ ಹಾಕುತ್ತ ಬಂದಿದ್ದೇನೆ. ಕಳೆದ ಜೂನ್‌ನಲ್ಲಿ ಮೃಗಶಿರ ಮಳೆ ಬಿದ್ದ ಮೇಲೆ ನಾಲ್ಕು ದಿನ ಪಾಳಿ ನಿಂತರೂ ಸಿಕ್ಕಿದ್ದು ಎರಡೇ ಚೀಲ. ಅದರ ಜೊತೆಗೆ ಒಂದು ನ್ಯಾನೊ ಡಿಎಪಿ ಬಾಟಲಿ, ಒಂದು ಚೀಲ ಸತುವಿನ ಸಲ್ಫೇಟ್ ತೆಗೆದುಕೊಳ್ಳಲೇಬೇಕೆಂದರು. ಅಂಗಡಿಯವರು ‘ಚೀನಾ ನಿಲ್ಲಿಸಿದೆ’ ಎನ್ನುತ್ತಾರೆ. ಊರಿನವರು ‘ಗೋದಾಮಿನಲ್ಲಿ ಬಚ್ಚಿಟ್ಟಿದ್ದಾರೆ’ ಎನ್ನುತ್ತಾರೆ. ಮಗ ‘20-20-0-13 ಗೊಬ್ಬರ ನಮ್ಮ ದೇಶದ್ದು, ಅದನ್ನೇ ಹಾಕೋಣ’ ಎನ್ನುತ್ತಾನೆ. ಡಿಎಪಿ ತಪ್ಪಿದರೆ ನೆಟೆ (ಗಿಡ ಸೊರಗಿ ಒಣಗುವ ರೋಗ) ಬೀಳುತ್ತದೆಂಬ ಭಯ ನನ್ನದು. ಈ ಸಲ ಬೇಸಿಗೆಯಲ್ಲೇ ಸಾಲ ಮಾಡಿ ಹತ್ತು ಚೀಲ ತಂದಿಟ್ಟುಕೊಳ್ಳಲೇ? ಗೊಬ್ಬರಕ್ಕಾಗಿ ಇಡೀ ದೇಶ ಇನ್ನೊಬ್ಬರ ಬಾಗಿಲು ಕಾಯುವುದು ಎಷ್ಟು ದಿನ?
— ಹೆಸರು ಬೇಡ ಎಂದಿರುವ ರೈತರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು ದೇಶದ್ದು, ಇನ್ನೊಂದು ನಿಮ್ಮ ಆರು ಎಕರೆಯದು. ದೇಶದ ಚಿಂತೆ ಬಗೆಹರಿಯಲು ವರ್ಷಗಟ್ಟಲೆ ಬೇಕು. ನಿಮ್ಮ ಕೂರಿಗೆ ಜೂನ್‌ಗೆ ಹೊಲಕ್ಕಿಳಿಯುತ್ತದೆ. ಹೀಗಾಗಿ ಎರಡನ್ನೂ ಬಿಡಿಸಿ ನೋಡೋಣ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೂತು ಎದ್ದವನು ನಾನು. ಆದ್ದರಿಂದ ಎರಡನೆಯದರ ಬಗ್ಗೆ ಹೆಚ್ಚು ಮಾತಾಡಿದರೆ ಬೇಸರಿಸಬೇಡಿ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. 2021ರ ಅಕ್ಟೋಬರ್‌ನಿಂದ ಚೀನಾ ಡಿಎಪಿಯಂಥ ರಂಜಕದ (ಫಾಸ್ಫರಸ್) ಗೊಬ್ಬರಗಳ ರಫ್ತಿಗೆ ಮೊದಲು ತಪಾಸಣೆಯ ನೆಪದಲ್ಲಿ, ಆಮೇಲೆ ಕೋಟಾದ ಹೆಸರಿನಲ್ಲಿ ಕಡಿವಾಣ ಹಾಕಿತು. ತನ್ನ ರೈತರಿಗೆ ಬೆಲೆ ಏರಬಾರದು ಎಂಬುದು ಒಂದು ಕಾರಣ. ಎಲೆಕ್ಟ್ರಿಕ್ ವಾಹನಗಳ ಒಂದು ಬಗೆಯ ಬ್ಯಾಟರಿಗೂ ಅದೇ ರಂಜಕ ಬೇಕಾಗಿರುವುದು ಇನ್ನೊಂದು. ನಾವು 2023-24ರಲ್ಲಿ ಹೊರಗಿನಿಂದ ತಂದ ಡಿಎಪಿ ಸುಮಾರು 55 ಲಕ್ಷ ಟನ್. ಅದರಲ್ಲಿ 20 ಲಕ್ಷ ಟನ್‌ಗೂ ಹೆಚ್ಚು ಚೀನಾದಿಂದಲೇ ಬಂದಿತ್ತು. ಮರುವರ್ಷ ಚೀನಾದಿಂದ ಬಂದದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಉಳಿದ ಮಾರಾಟಗಾರರು ಯಾರು? ಸೌದಿ ಅರೇಬಿಯಾ, ಮೊರಾಕ್ಕೊ, ರಷ್ಯಾ, ಜೋರ್ಡಾನ್. ಬೆರಳೆಣಿಕೆಯಲ್ಲಿ ಮುಗಿಯುವ ಸಂತೆ ಇದು. ಸಂತೆಯಲ್ಲಿ ಐದೇ ಅಂಗಡಿಗಳಿದ್ದು, ಒಬ್ಬ ಬಾಗಿಲು ಹಾಕಿಕೊಂಡರೆ ಉಳಿದ ನಾಲ್ವರು ಏನು ಮಾಡುತ್ತಾರೆಂದು ನಿಮಗೆ ಹೇಳಬೇಕಿಲ್ಲ.

ಆದರೆ ಬೆಲೆ ಏರಿದ್ದಕ್ಕೆ ನೀವೇಕೆ ಪಾಳಿ ನಿಂತಿರಿ? ನೀವು ಕೊಟ್ಟದ್ದು ಅದೇ 1,350 ರೂಪಾಯಿ ತಾನೇ? ಗುಟ್ಟು ಇರುವುದು ಇಲ್ಲೇ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಚೀಲದ ಬೆಲೆ ಹೆಚ್ಚುಕಡಿಮೆ ಕಟ್ಟಿಹಾಕಿದಂತಿದೆ. ಸರ್ಕಾರ ಕೊಡುವ ಸಹಾಯಧನವನ್ನು 2010ರಿಂದ ಪೋಷಕಾಂಶದ ತೂಕದ ಮೇಲೆ, ಈಗೀಗ ಮುಂಗಾರಿಗೊಮ್ಮೆ ಹಿಂಗಾರಿಗೊಮ್ಮೆ ನಿಗದಿ ಮಾಡುತ್ತಾರೆ. ಹೊರಗಿನ ಬೆಲೆ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. 2022ರ ಆರಂಭದಲ್ಲಿ ಡಿಎಪಿ ಟನ್ನಿಗೆ 900 ಡಾಲರ್ ದಾಟಿತ್ತು. 2025ರ ಮುಂಗಾರಿನಲ್ಲೂ 700 ಡಾಲರ್‌ಗಿಂತ ಮೇಲಿತ್ತು. ಚೀಲದ ಬೆಲೆ ಮತ್ತು ಸಹಾಯಧನ ಎರಡೂ ಸೇರಿ ಹೊರಗಿನ ಬೆಲೆಗೆ ಸಾಲದಾದಾಗ ತರಿಸುವ ಕಂಪನಿ ನಷ್ಟದ ವ್ಯಾಪಾರಕ್ಕೆ ಕೈ ಹಾಕದೆ ಕಾಯುತ್ತದೆ. ಸರ್ಕಾರ ವಿಶೇಷ ನೆರವು ಘೋಷಿಸುತ್ತದೆ. 2024ರಲ್ಲಿ ಟನ್ನಿಗೆ 3,500 ರೂಪಾಯಿಯಂತೆ ಹಾಗೆ ಕೊಟ್ಟದ್ದುಂಟು. ಆಗ ಕಂಪನಿ ಖರೀದಿಗೆ ಇಳಿಯುತ್ತದೆ. ಆದರೆ ಹಡಗು ತುಂಬಿ, ಬಂದರು ಸೇರಿ, ಚೀಲವಾಗಿ, ರೇಕ್ (ಗೂಡ್ಸ್ ರೈಲು) ಹತ್ತಿ ನಿಮ್ಮ ಸೊಸೈಟಿಗೆ ಬರಲು ತಿಂಗಳೋ ಎರಡು ತಿಂಗಳೋ ಬೇಕು. ಅಷ್ಟರಲ್ಲಿ ಮೃಗಶಿರ ಮುಗಿದು ಆರಿದ್ರಾ ಮಳೆ ಶುರುವಾಗಿರುತ್ತದೆ. ಬೆಲೆಯನ್ನು ಏರಗೊಡದೆ ಹಿಡಿದರೆ ಪಾಳಿ ಉದ್ದವಾಗುತ್ತದೆ. ಹಾಗೆಂದು ಬೆಲೆ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. 2021ರಲ್ಲಿ ಒಂದು ಚೀಲದ ನಿಜವಾದ ವೆಚ್ಚ 2,400ಕ್ಕೆ ಏರಿ, ರೈತ ಕೊಡಬೇಕಾದ ಬೆಲೆ 1,900ಕ್ಕೆ ಜಿಗಿಯುವುದರಲ್ಲಿತ್ತು. ಚೀಲಕ್ಕೆ 500 ಇದ್ದ ಸಹಾಯಧನವನ್ನು ಮೇ ತಿಂಗಳಲ್ಲಿ 1,200ಕ್ಕೆ ಏರಿಸದೇ ಇದ್ದಿದ್ದರೆ ನಿಮ್ಮಂಥವರು ಬಿತ್ತನೆಯನ್ನೇ ಕೈಬಿಡಬೇಕಾಗುತ್ತಿತ್ತು.

ಊರಿನವರ ಮಾತೂ ಅರ್ಧ ಸರಿ. ಒಂದು ರೇಕ್ ಎಂದರೆ ಎರಡೂವರೆ ಸಾವಿರ ಟನ್ನಿಗೂ ಮೇಲೆ, ಅಂದರೆ ಐವತ್ತು ಸಾವಿರ ಚೀಲಗಳು. ಜಿಲ್ಲೆಗೆಲ್ಲ ಹಂಚುವಾಗ ಇದು ಎರಡೇ ದಿನಕ್ಕೆ ಕರಗುತ್ತದೆ. ಇನ್ನೊಂದು ರೇಕ್ ಯಾವಾಗ ಬರುವುದೋ ಗೊತ್ತಿಲ್ಲದಾಗ ಅಂಗಡಿಯವನೂ ಹಿಡಿದಿಡುತ್ತಾನೆ, ರೈತನೂ ಒಂದರ ಬದಲು ಎರಡು ಒಯ್ಯುತ್ತಾನೆ. ಬಚ್ಚಿಡುವುದು ಕೊರತೆಯನ್ನು ಹೆಚ್ಚಿಸುತ್ತದೆ ನಿಜ, ಆದರೆ ಕೊರತೆ ಹುಟ್ಟಿದ್ದು ಅದರಿಂದಲ್ಲ. ಬಾಟಲಿ, ಸತುವನ್ನು ಬಲವಂತವಾಗಿ ಕಟ್ಟಿದ್ದು ಮಾತ್ರ ಕಾನೂನು ಪ್ರಕಾರ ತಪ್ಪು. ಬಿಲ್ಲಿನಲ್ಲಿ ಮೂರನ್ನೂ ಬರೆಸಿಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತ ದೂರು ಕೊಡಿ. ಬಾಯಿಮಾತಿನ ದೂರು ಅಲ್ಲೇ ಗಾಳಿಗೆ ಹೋಗುತ್ತದೆ.

ಈಗ ನಿಮ್ಮ ಮಗನ ಮಾತಿಗೆ ಬರೋಣ. 20-20-0-13, ಅಂದರೆ ನೂರಕ್ಕೆ 20 ಸಾರಜನಕ, 20 ರಂಜಕ, 13 ಗಂಧಕ ಇರುವ ಗೊಬ್ಬರ, ನಮ್ಮ ದೇಶದಲ್ಲೇ ತಯಾರಾಗುತ್ತದೆ, ಹೌದು. ಒಡಿಶಾದ ಪಾರಾದೀಪ್‌ನಲ್ಲಿ ಆಗುತ್ತದೆ, ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಆಗುತ್ತದೆ. ಡಿಎಪಿಯೂ ಇಲ್ಲಿ ತಯಾರಾಗುತ್ತದೆ. ಆದರೆ ಚೀಲ ಹೊಲಿದ ಊರನ್ನು ನೋಡಿ ಮೋಸಹೋಗಬೇಡಿ, ಒಳಗಿನ ಸಾಮಾನು ಎಲ್ಲಿಯದೆಂದು ಕೇಳಿ. 50 ಕಿಲೋ ಡಿಎಪಿ ಮಾಡಲು ಸುಮಾರು 75 ಕಿಲೋ ರಂಜಕದ ಕಲ್ಲು, 20 ಕಿಲೋ ಮೀರಿ ಗಂಧಕ, 11 ಕಿಲೋ ಅಮೋನಿಯಾ ಬೇಕು. ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಿ ಫಾಸ್ಫಾರಿಕ್ ಆಮ್ಲ ಮಾಡಿ, ಅದಕ್ಕೆ ಅಮೋನಿಯಾ ಕುಡಿಸಿದರೆ ಡಿಎಪಿ. ಕಲ್ಲು ಜೋರ್ಡಾನ್, ಮೊರಾಕ್ಕೊ, ಈಜಿಪ್ಟ್, ಟೋಗೊ ಕಡೆಯದು. ಗಂಧಕ, ಅಮೋನಿಯಾ ಹೆಚ್ಚಾಗಿ ಕೊಲ್ಲಿ ದೇಶಗಳವು. ಆಮ್ಲವನ್ನೇ ನೇರವಾಗಿ ಹಡಗಿನಲ್ಲಿ ತರಿಸುವುದೂ ಉಂಟು. ನಮ್ಮಲ್ಲಿ ಕಲ್ಲೇ ಇಲ್ಲವೆಂದಲ್ಲ. ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ದೊಡ್ಡ ಗಣಿಯಿದೆ. ಆದರೆ ದೇಶದ ಹಸಿವಿಗೆ ಅದು ಉಪ್ಪಿನಕಾಯಿಯಷ್ಟು. ಭೂಮಿಯ ಮೇಲೆ ಗೊತ್ತಿರುವ ರಂಜಕದ ಕಲ್ಲಿನ ಸಂಗ್ರಹದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೊರಾಕ್ಕೊ ಒಂದರ ಹಿಡಿತದಲ್ಲಿದೆ. ಪೆಟ್ರೋಲಿಗೂ ಇಷ್ಟು ಬಿಗಿಯಾದ ಒಡೆತನವಿಲ್ಲ. ಪೊಟ್ಯಾಷ್ ಕಥೆಯೂ ಬೇರೆಯಲ್ಲ. ಅದು ಹೆಚ್ಚುಕಡಿಮೆ ಪೂರ್ತಿ ಆಮದು. 2022ರಲ್ಲಿ ಬೆಲಾರುಸ್‌ನ ಸರಕಿಗೆ ಲಿಥುವೇನಿಯಾದ ಬಂದರು ಮುಚ್ಚಿದಾಗ ಅದರ ಬಿಸಿ ನಮ್ಮ ಕಬ್ಬಿನ ಗದ್ದೆಗೂ ತಟ್ಟಿತು.

ದೇಶ ಎಷ್ಟು ದಿನ ಬಾಗಿಲು ಕಾಯುವುದು ಎಂದು ಕೇಳಿದ್ದೀರಿ. ಬಾಗಿಲು ಬದಲಿಸುವ ಕೆಲಸ ನಡೆದಿದೆ. ಜೋರ್ಡಾನ್‌ನ ಎಶಿದಿಯಾದಲ್ಲಿ ನಮ್ಮ ರೈತ ಸಹಕಾರಿ ಸಂಸ್ಥೆ ಇಫ್ಕೊ ಪಾಲುದಾರಿಕೆಯ ಆಮ್ಲದ ಕಾರ್ಖಾನೆಯಿದೆ. 2025ರ ಜುಲೈನಲ್ಲಿ ನಮ್ಮ ಕಂಪನಿಗಳು ಸೌದಿಯ ಗಣಿ ಕಂಪನಿ ಮಾದೆನ್ ಜೊತೆ ವರ್ಷಕ್ಕೆ 31 ಲಕ್ಷ ಟನ್ ಡಿಎಪಿಯಂತೆ ಐದು ವರ್ಷದ ಒಪ್ಪಂದ ಮಾಡಿಕೊಂಡವು. ಒಳ್ಳೆಯದೇ. ದಿನದ ಸಂತೆಗೆ ಹೋಗಿ ಚೌಕಾಸಿ ಮಾಡುವುದಕ್ಕಿಂತ ವರ್ಷದ ಮಾತು ಆಡಿಕೊಂಡರೆ ಸರಕಾದರೂ ಖಾತ್ರಿ. ಆದರೆ ನಕ್ಷೆ ತೆಗೆದು ನೋಡಿ. ಸೌದಿಯ ಆ ಕಾರ್ಖಾನೆಗಳಿರುವ ರಾಸ್ ಅಲ್ ಖೈರ್ ಬಂದರಿನಿಂದ ಹೊರಡುವ ಹಡಗು ಹೋರ್ಮುಜ್ ಜಲಸಂಧಿಯನ್ನು ದಾಟಲೇಬೇಕು. ಗಂಧಕ, ಅಮೋನಿಯಾ, ಯೂರಿಯಾಕ್ಕೆ ಬೇಕಾದ ಕತಾರ್‌ನ ಅನಿಲ ಬರುವುದೂ ಅದೇ ಕಿರಿದಾದ ದಾರಿಯಲ್ಲಿ. ಜೋರ್ಡಾನ್‌ನ ಅಕಾಬಾದಿಂದ ಬರುವುದು ಕೆಂಪು ಸಮುದ್ರದ ಮೂಲಕ. 2023ರ ಕೊನೆಯಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪ್ ಕಡೆಯ ಹೆಚ್ಚಿನ ಸರಕು ಆಫ್ರಿಕಾ ಸುತ್ತಿ ಬಂದದ್ದನ್ನು ನೀವೂ ಓದಿರುತ್ತೀರಿ. ಚೀನಾ ಮೇಲಿನ ಅವಲಂಬನೆ ತಗ್ಗಿತು, ಒಂದು ಜಲಸಂಧಿಯ ಮೇಲಿನದು ಹೆಚ್ಚಿತು. ನನ್ನನ್ನು ಕೇಳಿದರೆ, ಎಷ್ಟು ದೇಶಗಳಿಂದ ತರಿಸುತ್ತೇವೆ ಎಂಬುದಕ್ಕಿಂತ ಎಷ್ಟು ತಿಂಗಳ ದಾಸ್ತಾನು ಮುಂಗಾರಿಗೆ ಮೊದಲು ಒಳನಾಡಿನ ಗೋದಾಮಿನಲ್ಲಿದೆ ಎಂಬುದು ದೊಡ್ಡ ಪ್ರಶ್ನೆ.

ಒಂದು ಮಾತು ಮಧ್ಯೆ. ದೇಶಕ್ಕೆ ಸಾಲದ ತೊಗರಿಯನ್ನೂ ನಾವು ಮೊಜಾಂಬಿಕ್, ಮ್ಯಾನ್ಮಾರ್, ಮಲಾವಿ, ತಾಂಜಾನಿಯಾ ಎಂಬ ನಾಲ್ಕಾರು ದೇಶಗಳಿಂದಲೇ ತರಿಸುತ್ತೇವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗಾ ತೊಗರಿ ಬೇಳೆಯ ನಾಡಿನ ನೀವು ಹೊರಗಿನ ರಂಜಕ ಹಾಕಿ ಬೆಳೆದು, ಕೊನೆಗೆ ಹೊರಗಿನ ತೊಗರಿಯ ಬೆಲೆಯ ಜೊತೆ ಗುದ್ದಾಡುತ್ತೀರಿ. ಆ ಜಗಳಕ್ಕೆ ಇನ್ನೊಂದು ದಿನ ಬೇಕು.

ಇನ್ನು ನಿಮ್ಮ ಹೊಲ. ಎರೆ ಭೂಮಿಯ ಮಳೆಯಾಶ್ರಿತ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ. ಎಕರೆಗೆ ಇಳಿಸಿದರೆ 20 ಕಿಲೋ ರಂಜಕ, ಅಂದರೆ 43-44 ಕಿಲೋ ಡಿಎಪಿ. ಒಂದು ಚೀಲವೂ ಪೂರ್ತಿ ಬೇಡ. ನೀವು ಹಾಕುತ್ತಿರುವುದು ಒಂದೂವರೆ ಚೀಲ, ಅದರಲ್ಲಿ ರಂಜಕ ಮೂವತ್ತನಾಲ್ಕೂವರೆ ಕಿಲೋ. ಬೆಳೆ ಒಯ್ಯುವುದೆಷ್ಟು? ಒಂದು ಕ್ವಿಂಟಲ್ ತೊಗರಿ ಕಾಳಿನಲ್ಲಿರುವ ರಂಜಕ, ಚೀಲದ ಮೇಲಿನ ಅದೇ ಲೆಕ್ಕದಲ್ಲಿ, ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಎಕರೆಗೆ ನಾಲ್ಕು ಕ್ವಿಂಟಲ್ ರಾಶಿಯಾದರೂ ಹೊಲದಿಂದ ಹೊರಗೆ ಹೋದದ್ದು ಮೂರೂವರೆ ಕಿಲೋ. ತೊಗರಿ ಕಟ್ಟಿಗೆಯನ್ನು ಒಲೆಗೆ ಒಯ್ದದ್ದನ್ನೂ ಸೇರಿಸಿಕೊಳ್ಳಿ, ಅದರಿಂದ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಮೂವತ್ತನಾಲ್ಕು ಒಳಗೆ, ನಾಲ್ಕೈದು ಹೊರಗೆ, ಇಪ್ಪತ್ತು ವರ್ಷ. ಉಳಿದದ್ದೆಲ್ಲಿ?

ಮಣ್ಣಿನಲ್ಲೇ ಇದೆ, ಬೀಗ ಹಾಕಿಕೊಂಡು ಕೂತಿದೆ. ಚಿತ್ತಾಪುರ, ಸೇಡಂ ಕಡೆಯ ಮಣ್ಣಿನ ಮೇಲೆ ಎರಡು ಹನಿ ತೆಳು ಆಮ್ಲ ಬಿಟ್ಟರೆ ಸೋಡಾ ಬಾಟಲಿ ತೆರೆದಂತೆ ಸುಯ್ಯೆಂದು ನೊರೆಯೇಳುತ್ತಿತ್ತು. ಹೊಸದಾಗಿ ಬಂದ ಹುಡುಗರಿಗೆ ಅದನ್ನು ತೋರಿಸುವುದು ನನಗೊಂದು ಖುಷಿ. ಅದು ಸುಣ್ಣ. ಶಹಾಬಾದ್ ಕಲ್ಲಿಗೂ ವಾಡಿಯ ಸಿಮೆಂಟಿಗೂ ಕಾರಣವಾದದ್ದು ಅದೇ. ನಿಮ್ಮ ಬೇಳೆಯ ರುಚಿಗೂ ಅದೇ ಕಾರಣವೆಂದು ಹೇಳುವುದುಂಟು. ನೀವು ಹಾಕಿದ ರಂಜಕವನ್ನು ಕಟ್ಟಿಹಾಕುವುದೂ ಆ ಸುಣ್ಣವೇ. ಹಾಕಿದ ವರ್ಷ ಬೆಳೆಗೆ ದಕ್ಕುವುದು ನೂರಕ್ಕೆ ಹದಿನೈದೋ ಇಪ್ಪತ್ತೋ. ಉಳಿದದ್ದು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಮೇಲೆ ವರ್ಷಗಳ ಕಾಲ ಚೂರುಚೂರೇ ಬಿಡುತ್ತದೆ.

ಹೈದರಾಬಾದ್ ಬಳಿಯ ಪಠಾಣ್‌ಚೆರುವಿನಲ್ಲಿರುವ ಒಣಬೇಸಾಯದ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು 1990ರಲ್ಲಿ ಒಂದು ಸೊಗಸಾದ ಸಂಗತಿ ಪ್ರಕಟಿಸಿದರು. ತೊಗರಿಯ ಬೇರು ಪಿಸಿಡಿಕ್ ಆಮ್ಲವೆಂಬುದನ್ನು ಒಸರಿಸಿ, ಕಬ್ಬಿಣದ ಜೊತೆ ಕಟ್ಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಅಂದರೆ ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ತೊಗರಿ ತನ್ನ ಬೀಗದ ಕೈ ತಾನೇ ತರುತ್ತದೆ. ನಿಮ್ಮ ಎರೆಯಲ್ಲಿ ಬೀಗ ಕಬ್ಬಿಣದ್ದಲ್ಲ, ಸುಣ್ಣದ್ದು. ಆ ಕೈ ಇಲ್ಲಿ ಅಷ್ಟು ಚೆನ್ನಾಗಿ ತಿರುಗುವುದಿಲ್ಲ. ಸುಣ್ಣದ ಬೀಗ ತೆಗೆಯುವುದರಲ್ಲಿ ಕಡಲೆ ಜಾಣೆ. ಬೀದರ್‌ನ ನೆಂಟರು ‘ನಾವು ಗೊಬ್ಬರವಿಲ್ಲದೆಯೇ ಬೆಳೆದೆವು’ ಎಂದರೆ ಅದನ್ನು ಕಣ್ಣು ಮುಚ್ಚಿ ನಿಮ್ಮ ಹೊಲಕ್ಕೆ ತರಬೇಡಿ.

ನೆಟೆಯ ಭಯಕ್ಕೆ ಒಂದೇ ಮಾತು: ನೆಟೆ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದ ರೋಗ, ಡಿಎಪಿಗೂ ಅದಕ್ಕೂ ಸಂಬಂಧವಿಲ್ಲ. ಟಿಎಸ್-3ಆರ್‌ನಂಥ ತಡೆಯುವ ತಳಿ, ಟ್ರೈಕೋಡರ್ಮಾ ಬೀಜೋಪಚಾರ, ಬೆಳೆ ಬದಲಾವಣೆ ಅದರ ಮದ್ದು.

ಹಾಗಾದರೆ ಮಾಡುವುದೇನು? ಡಿಎಪಿ ಸಿಗದಿದ್ದರೆ ನನ್ನ ಮೊದಲ ಆಯ್ಕೆ ಸಿಂಗಲ್ ಸೂಪರ್ ಫಾಸ್ಫೇಟ್. ಎಕರೆಗೆ ಎರಡೂವರೆ ಚೀಲ ಸೂಪರ್, ಅರ್ಧ ಚೀಲ ಯೂರಿಯಾ ಹಾಕಿದರೆ ಶಿಫಾರಸಿನ ಲೆಕ್ಕ ಸರಿಹೋಗುತ್ತದೆ. ಮೇಲಿಂದ ಹದಿಮೂರು ಕಿಲೋಗಿಂತ ಹೆಚ್ಚು ಗಂಧಕ ಪುಕ್ಕಟೆ, ಬೇಳೆಕಾಳಿಗೆ ಅದು ಬೇಕೇ ಬೇಕು. ಇದರ ತೊಂದರೆ, ಹೊರುವ ತೂಕ ಹೆಚ್ಚು, ಕೂರಿಗೆಗೆ ಕೆಲಸ ಹೆಚ್ಚು. ಕಲಬೆರಕೆಯ ಕಾಟವೂ ಸೂಪರ್‌ಗೆ ಹೆಚ್ಚು. ಪರವಾನಗಿ ಇರುವಲ್ಲಿ ಬಿಲ್ ಸಹಿತ ಕೊಳ್ಳಿ, ಒಂದು ಹಿಡಿಯನ್ನು ಚೀಲದ ಚೀಟಿಯೊಂದಿಗೆ ಡಬ್ಬದಲ್ಲಿಡಿ. ಇದಕ್ಕೂ ಹೊರಗಿನ ಕಲ್ಲು ಬಳಸುವುದುಂಟು ಎಂಬುದು ನೆನಪಿರಲಿ, ಸ್ವದೇಶಿ ಎಂಬ ಸಮಾಧಾನಕ್ಕೆ ಕೊಳ್ಳಬೇಡಿ. ತಿಪ್ಪೆ ಗೊಬ್ಬರದಲ್ಲಿ ಕಲಸಿ ಹಾಕಿದರೆ ಸುಣ್ಣ ಅದನ್ನು ಅಷ್ಟು ಬೇಗ ಹಿಡಿಯುವುದಿಲ್ಲ.

ಮಗ ಹೇಳಿದ 20-20-0-13 ಎರಡು ಚೀಲ ಹಾಕಿದರೂ 20 ಕಿಲೋ ರಂಜಕ ಬರುತ್ತದೆ. ಆದರೆ ಜೊತೆಗೆ 20 ಕಿಲೋ ಸಾರಜನಕವೂ ಬರುತ್ತದೆ, ತೊಗರಿಗೆ ಬೇಕಾದ್ದರ ಎರಡರಷ್ಟು. ಗಾಳಿಯಿಂದ ತಾನೇ ಸಾರಜನಕ ಹಿಡಿಯುವ ಬೆಳೆಗೆ ಅಷ್ಟು ಉಣಿಸಿದರೆ ಬೇರಿನ ಗಂಟು ಸೋಮಾರಿಯಾಗುತ್ತದೆ, ಗಿಡ ಬರೀ ಸೊಪ್ಪಾಗುತ್ತದೆ. ಒಂದು ಚೀಲಕ್ಕೆ ನಿಲ್ಲಿಸಿ.

ನ್ಯಾನೊ ಬಾಟಲಿಯ ಲೆಕ್ಕ ನೀವೇ ಹಾಕಿ. ಅರ್ಧ ಲೀಟರಿನಲ್ಲಿ ನೂರಕ್ಕೆ 16ರಂತೆ ರಂಜಕ 80 ಗ್ರಾಂ. ಚೀಲದಲ್ಲಿ 23 ಕಿಲೋ. ಎಲೆಗೆ ಸಿಂಪಡಿಸಿದರೆ ಕೆಡುಕಿಲ್ಲ, ಬಿತ್ತುವಾಗ ಬೇರಿಗೆ ಬೇಕಾದ್ದನ್ನು ಅದು ಕೊಡುತ್ತದೆಂದು ನಾನು ನಂಬುವುದಿಲ್ಲ. ಆದರೆ ನೀವು ಗೊಣಗಿಕೊಂಡು ತಂದ ಸತುವಿನ ಚೀಲ ಇದೆಯಲ್ಲ, ಅದನ್ನು ಮೂಲೆಗೆ ಎಸೆಯಬೇಡಿ. ರಂಜಕ ಅತಿಯಾದ ಸುಣ್ಣದ ಮಣ್ಣಿನಲ್ಲಿ ಸತು ಸಿಗದೆ ಗಿಡ ಸೊರಗುವುದು ಸಾಮಾನ್ಯ. ಇಪ್ಪತ್ತು ವರ್ಷ ಒಂದೂವರೆ ಚೀಲ ಹಾಕಿದ ಹೊಲಕ್ಕೆ ಡಿಎಪಿಗಿಂತ ಅದೇ ಹೆಚ್ಚು ಬೇಕಾಗಿರಬಹುದು. ಅಂಗಡಿಯವರು ತಪ್ಪು ದಾರಿಯಲ್ಲಿ ಸರಿಯಾದ ವಸ್ತು ಕೊಟ್ಟಂತಾಯಿತು. ಮಣ್ಣು ಪರೀಕ್ಷೆಯಲ್ಲಿ ಸತುವನ್ನೂ ನೋಡಿಸಿ. ಹಾಕುವಾಗ ಡಿಎಪಿ ಜೊತೆ ಮಾತ್ರ ಕಲಸಬೇಡಿ.

ಬೇಸಿಗೆಯಲ್ಲೇ ತಂದಿಡಬಹುದು. ಗೋಡೆಯಿಂದ ದೂರ, ಹಲಗೆಯ ಮೇಲೆ, ತೇವ ತಾಗದಂತೆ ಇಟ್ಟರೆ ಡಿಎಪಿ ಕೆಡುವುದಿಲ್ಲ. ಆದರೆ ಹತ್ತು ಚೀಲಕ್ಕೆ 13,500 ರೂಪಾಯಿ ಕೈಸಾಲ ಬೇಡ. ಪೂರ್ತಿ ಶಿಫಾರಸು ಹಾಕಿದರೂ ಆರು ಎಕರೆ ತೊಗರಿಗೆ ಐದೂಕಾಲು ಚೀಲ ಸಾಕು. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಕ್ಟೇರಿಗೆ 56 ಕಿಲೋ ದಾಟಿದ್ದರೆ ನಾನಾದರೆ ಅರ್ಧಕ್ಕೆ ಇಳಿಸುತ್ತೇನೆ. 23ಕ್ಕಿಂತ ಕೆಳಗಿದ್ದರೆ ಒಂದು ಕಿಲೋವನ್ನೂ ಕಡಿಮೆ ಮಾಡುವುದಿಲ್ಲ. ಹಾಕುವುದನ್ನು ಎರಚಬೇಡಿ. ಕೂರಿಗೆಯಲ್ಲಿ ಬೀಜಕ್ಕಿಂತ ಎರಡು ಇಂಚು ಕೆಳಗೆ, ಪಕ್ಕಕ್ಕೆ ಬೀಳಲಿ. ರೈಜೋಬಿಯಂ ಹಚ್ಚಿದ ಬೀಜವನ್ನು ಗೊಬ್ಬರದೊಂದಿಗೆ ಒಂದೇ ಬಟ್ಟಲಿಗೆ ಸುರಿದರೆ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ಜೊತೆಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಹಚ್ಚಿದರೆ ಒಳ್ಳೆಯದು, ಪವಾಡ ಮಾತ್ರ ನಿರೀಕ್ಷಿಸಬೇಡಿ.

ಕಡಿಮೆ ಮಾಡುವುದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಣ್ಣು ಒಣಗಿ, ಹಳೆಯ ರಂಜಕ ಬೇರಿನ ಹತ್ತಿರ ಹರಿಯುವುದಿಲ್ಲ. ಮೊದಲ ನಲವತ್ತು ದಿನ ಗಿಡ ಕುಂಟಬಹುದು. ಆದ್ದರಿಂದ ಒಂದೇ ಸಲಕ್ಕೆ ಆರೂ ಎಕರೆಯಲ್ಲಿ ಪ್ರಯೋಗ ಬೇಡ.

ಈಗ ಹೊಲ ಖಾಲಿಯಿದೆ. ಹಾವಿನಂತೆ ಸುತ್ತುತ್ತ ಎಂಟು ಹತ್ತು ಕಡೆ ಗೇಣುದ್ದದ ಗುಂಡಿ ತೆಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಕೆರೆದುಕೊಳ್ಳಿ. ಬೇವಿನ ಮರದ ಬುಡ, ತಿಪ್ಪೆ ಇದ್ದ ಜಾಗ ಬಿಡಿ. ಎಲ್ಲ ಕಲಸಿ ನೆರಳಿನಲ್ಲಿ ಆರಿಸಿ ಅರ್ಧ ಕಿಲೋ ಕಳುಹಿಸಿ, ರಂಜಕವನ್ನು ಸುಣ್ಣದ ಮಣ್ಣಿಗೆ ಒಗ್ಗುವ ಓಲ್ಸೆನ್ ವಿಧಾನದಲ್ಲೇ ನೋಡಬೇಕೆಂದು ಹೇಳಿ. ಜೂನ್‌ನಲ್ಲಿ ಒಂದು ಎಕರೆಯನ್ನು ಉದ್ದಕ್ಕೆ ಎರಡು ಪಟ್ಟಿ ಮಾಡಿ, ಒಂದಕ್ಕೆ ನಿಮ್ಮ ಹಳೆಯ ಲೆಕ್ಕ, ಇನ್ನೊಂದಕ್ಕೆ ಎಕರೆಗೆ ಅರ್ಧ ಚೀಲದ ಲೆಕ್ಕದಲ್ಲಿ ಹಾಕಿ. ಗುರುತಿಗೆ ನಡುವೆ ಒಂದು ಸಾಲು ಜೋಳ ಬಿತ್ತಿ. ಜನವರಿಯಲ್ಲಿ ಎರಡೂ ಪಟ್ಟಿಯ ರಾಶಿಯನ್ನು ಬೇರೆ ಬೇರೆ ತೂಗಿ, ತೂಕವನ್ನು ಮಳೆ ಎಷ್ಟು ಸಲ ಬಂತೆಂಬುದರ ಜೊತೆಗೆ ನನಗೆ ಬರೆದು ಕಳುಹಿಸಿ.